ಗೇಟು ಒಬ್ಬರ ಕೈಲಿ, ಚರಂಡಿ ಇನ್ನೊಬ್ಬರ ಕೈಲಿ: ಶಿವಮೊಗ್ಗ–ಭದ್ರಾವತಿಯ ನೆರೆ ಯೋಜನೆ ನಡೆದುಬಂದ ದಾರಿ

ಮಳೆಗಾಲ ಹಿಡಿಯಿತೆಂದರೆ ಶಿವಮೊಗ್ಗ ಜಿಲ್ಲೆಯಲ್ಲಿ ಪತ್ರಿಕೆ ಬಿಡಿಸಿದವರ ಕಣ್ಣು ಮೊದಲು ಹೋಗುವುದು ಜಲಾಶಯಗಳ ಮಟ್ಟದ ಪಟ್ಟಿಗೆ. ಲಿಂಗನಮಕ್ಕಿಗೆ 1819 ಅಡಿ, ಭದ್ರೆಗೆ 186 ಅಡಿ, ಗಾಜನೂರಿನ ತುಂಗಾ ಜಲಾಶಯಕ್ಕೆ 588.24 ಮೀಟರ್. ಈ ಗರಿಷ್ಠ ಮಟ್ಟಗಳು ಹೋಟೆಲಿನಲ್ಲಿ ಕಾಫಿಗೆ ಕೂತವರಿಗೂ ಬಾಯಿಪಾಠ. ಆದರೆ ಇವು ಒಂದೇ ಅಳತೆಯ ಅಂಕಿಗಳಲ್ಲ. ಲಿಂಗನಮಕ್ಕಿ ಮತ್ತು ಗಾಜನೂರಿನ ಅಂಕಿಗಳು ಸಮುದ್ರ ಮಟ್ಟದಿಂದ ಎಣಿಸಿದವು, ಒಂದು ಅಡಿಯಲ್ಲಿ, ಇನ್ನೊಂದು ಮೀಟರಿನಲ್ಲಿ. ಭದ್ರೆಯ 186 ಅಡಿ ಆ ಅಣೆಕಟ್ಟೆಯದೇ ಸ್ವಂತ ಲೆಕ್ಕ. ಭದ್ರಾವತಿಯ ಕವಲಗುಂದಿಯಲ್ಲೋ ಶಿವಮೊಗ್ಗದ ಕುಂಬಾರಗುಂಡಿಯಲ್ಲೋ ಇರುವವರ ಮನೆಯ ಹೊಸಿಲನ್ನು ನೀರು ದಾಟುತ್ತದೆಯೇ ಎಂದು ಕೇಳಿದರೆ ಈ ಮೂರರಲ್ಲಿ ಯಾವ ಅಂಕಿಯೂ ಉತ್ತರ ಕೊಡುವುದಿಲ್ಲ. ನಮ್ಮಲ್ಲಿ ಅಣೆಕಟ್ಟೆಯ ನೀರನ್ನು ಅಳೆಯುವ ವ್ಯವಸ್ಥೆ ನೂರು ವರ್ಷದಿಂದ ಬೆಳೆದಿದೆ. ಊರಿನೊಳಗಿನ ನೀರನ್ನು ಅಳೆಯುವ ಕೆಲಸ ಶುರುವಾದದ್ದು ಮೊನ್ನೆ ಮೊನ್ನೆ.

ಕಡಲು ಏರುತ್ತಿರುವಾಗ ಸ್ಥಳೀಯ ಸಂಸ್ಥೆಗಳು ಏನು ಮಾಡಬೇಕು ಎಂಬ ಚರ್ಚೆ ಈಗ ಕರಾವಳಿಯಲ್ಲಿ ನಡೆದಿದೆ. 1901ರಿಂದ 2018ರ ನಡುವೆ ಜಗತ್ತಿನ ಸರಾಸರಿ ಸಮುದ್ರ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ, ಕಳೆದ ಎರಡು ದಶಕಗಳಲ್ಲಿ ಏರುವ ವೇಗವೂ ಹೆಚ್ಚಿದೆ ಎಂದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ ವರದಿ ಮಾಡಿದೆ. ಶಿವಮೊಗ್ಗ ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಕಡಲು ಇಲ್ಲಿಗೆ ಬರಲಾರದು, ನಿಜ. ಆದರೆ ಕಾದ ಅರಬ್ಬೀ ಸಮುದ್ರದ ಆವಿ ಘಟ್ಟ ಹತ್ತಿ ಬರುತ್ತದೆ. ಹವಾಮಾನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1950ರಿಂದ 2015ರ ಅವಧಿಯಲ್ಲಿ ಮಧ್ಯ ಭಾರತದ ಉದ್ದಗಲಕ್ಕೂ ಒಮ್ಮೆಗೇ ಸುರಿಯುವ ಅತಿಮಳೆಯ ಪ್ರಸಂಗಗಳು ಮೂರು ಪಟ್ಟಾಗಿವೆ. ಅದಕ್ಕೆ ಬೇಕಾದ ತೇವ ಬಂದದ್ದು ಅರಬ್ಬೀ ಸಮುದ್ರದಿಂದ. ಕರಾವಳಿಯ ಪಂಚಾಯಿತಿಗೆ ಕಡಲ್ಕೊರೆತ ಹೇಗೋ ಮಲೆನಾಡಿನ ಸೆರಗಿನ ಪಾಲಿಕೆಗೆ ನೆರೆ ಹಾಗೆ. ಎರಡೂ ಕಡೆ ಪ್ರಶ್ನೆ ಒಂದೇ: ನೀರು ಬರುವ ಜಾಗದಲ್ಲಿ ಯಾರು ಏನು ಕಟ್ಟಬಹುದು, ಅದನ್ನು ತೀರ್ಮಾನಿಸುವವರು ಯಾರು?

ಎರಡು ಊರು, ಎರಡು ಬಗೆಯ ನೆರೆ

ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಿನ ದೂರ 20 ಕಿಲೋಮೀಟರ್ ಕೂಡ ಇಲ್ಲ. ಆದರೆ ಎರಡೂ ಊರಿನ ನೆರೆಯ ಸ್ವಭಾವ ಪೂರ್ತಿ ಬೇರೆ. ಇದನ್ನು ತಿಳಿಯದೆ ಮುಂದಿನ ಚರಿತ್ರೆ ಅರ್ಥವಾಗುವುದಿಲ್ಲ, ಆದ್ದರಿಂದ ಸ್ವಲ್ಪ ಲೆಕ್ಕ ಹಾಕೋಣ.

ಶಿವಮೊಗ್ಗದ ಮೇಲ್ಗಡೆ, ತೀರ್ಥಹಳ್ಳಿ ರಸ್ತೆಯಲ್ಲಿರುವ ಗಾಜನೂರು ಜಲಾಶಯದಲ್ಲಿ ಹಿಡಿಯುವುದು 3.24 ಟಿಎಂಸಿ ನೀರು. ಒಂದು ಲಕ್ಷ ಕ್ಯೂಸೆಕ್ ಹರಿವು ಒಂದು ದಿನ ಇದ್ದರೆ 8.64 ಟಿಎಂಸಿ ಆಗುತ್ತದೆ. ಅಂದರೆ ಜಲಾಶಯ ಪೂರ್ತಿ ಬರಿದಾಗಿದ್ದರೂ ಅಂಥ ನೆರೆಯಲ್ಲಿ ಒಂಬತ್ತೇ ಗಂಟೆಯಲ್ಲಿ ಭರ್ತಿ. ಅದು ಬರಿದಾಗಿರುವುದೂ ಇಲ್ಲ. ರಾಜ್ಯದಲ್ಲಿ ಪ್ರತಿವರ್ಷ ಮೊದಲು ತುಂಬುವ ಜಲಾಶಯಗಳ ಸಾಲಿನಲ್ಲಿ ಗಾಜನೂರು ಇದ್ದೇ ಇರುತ್ತದೆ. ಆದ್ದರಿಂದ ಶೃಂಗೇರಿ, ಆಗುಂಬೆ, ಕೊಪ್ಪ, ತೀರ್ಥಹಳ್ಳಿಯಲ್ಲಿ ಹೊಯ್ದದ್ದು ಗಾಜನೂರಿನ 22 ಗೇಟುಗಳ ಮೂಲಕ ಹಾಗೇ ದಾಟಿ ಬರುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಬಿಸಿಲು ಬಿದ್ದ ದಿನವೂ ಹೊಳೆ ಕೆಂಪಗೆ ಉಕ್ಕುವುದು ಇದೇ ಕಾರಣಕ್ಕೆ. ಗಾಜನೂರಿನಲ್ಲಿ ನೆರೆಯನ್ನು ತಡೆಯುವ ಶಕ್ತಿ ಇಲ್ಲ, ಮುನ್ಸೂಚನೆ ಕೊಡುವ ಶಕ್ತಿ ಮಾತ್ರ ಇದೆ.

ಲಕ್ಕವಳ್ಳಿಯ ಭದ್ರಾ ಜಲಾಶಯದ ಸಾಮರ್ಥ್ಯ 71.5 ಟಿಎಂಸಿ. ಅದೇ ಒಂದು ಲಕ್ಷ ಕ್ಯೂಸೆಕ್ ಬಂದರೂ ತುಂಬಲು ಎಂಟು ದಿನ ಮೀರಿ ಬೇಕು. ಹೀಗಾಗಿ ಭದ್ರಾವತಿಯಲ್ಲಿ ಮಳೆಗಾಲದ ಮೊದಲರ್ಧದಲ್ಲಿ ಹೊಳೆ ಶಾಂತವಾಗಿರುತ್ತದೆ. ಜಲಾಶಯ 186 ಅಡಿಯ ಹತ್ತಿರ ಬಂದಾಗ, ಮೇಲೆ ಕುದುರೆಮುಖ, ಕಳಸ, ಬಾಳೆಹೊನ್ನೂರಿನಲ್ಲಿ ಮಳೆ ನಿಲ್ಲದಿದ್ದಾಗ, ಗೇಟು ತೆಗೆಯಲೇಬೇಕಾಗುತ್ತದೆ. ಆಗ ಭದ್ರಾವತಿಯ ಹೊಸ ಸೇತುವೆ ಮುಳುಗುತ್ತದೆ. ಕವಲಗುಂದಿ, ಏಕಿನ್‌ಷಾ ಕಾಲೊನಿ, ಗುಂಡಪ್ಪ ಶೆಡ್, ಅಂಬೇಡ್ಕರ್ ನಗರದ ತಗ್ಗಿನ ಮನೆಗಳಿಗೆ ನೀರು ನುಗ್ಗುತ್ತದೆ. ಹೊಸ ಸೇತುವೆ ಮುಳುಗಿ ಹಳೆಯ ಸೇತುವೆ ಮೇಲೆದ್ದು ನಿಲ್ಲುವುದನ್ನು ಪ್ರತಿ ನೆರೆಯಲ್ಲೂ ಜನ ನೋಡಿ ನಗುತ್ತಾರೆ. ಶಿವಮೊಗ್ಗದ ನೆರೆ ಮಳೆಯದ್ದಾದರೆ ಭದ್ರಾವತಿಯ ನೆರೆ ಬಹುಮಟ್ಟಿಗೆ ಒಂದು ತೀರ್ಮಾನದ್ದು: ಯಾವಾಗ, ಎಷ್ಟು ಬಿಡಬೇಕು ಎಂಬ ತೀರ್ಮಾನ. ಆ ತೀರ್ಮಾನ ನಗರಸಭೆಯಲ್ಲಿ ಆಗುವುದಿಲ್ಲ.

ಅಧಿಕಾರಿಗಳ ಅಳತೆಪಟ್ಟಿಗೂ ಮೊದಲೇ ಜನ ತಮ್ಮದೇ ಅಳತೆ ಇಟ್ಟುಕೊಂಡಿದ್ದರು, ಈಗಲೂ ಇಟ್ಟುಕೊಂಡಿದ್ದಾರೆ. ಶೃಂಗೇರಿಯಲ್ಲಿ ಕಪ್ಪೆ ಶಂಕರ ಮುಳುಗಿತೇ, ತೀರ್ಥಹಳ್ಳಿಯಲ್ಲಿ ರಾಮಮಂಟಪ ಮುಳುಗಿತೇ ಎಂಬ ಸುದ್ದಿ ಹೊಳೆಯ ಜೊತೆಗೇ ಕೆಳಗಿಳಿಯುತ್ತದೆ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಬಳಿ ಹೊಳೆಯೊಳಗೆ ನಿಂತಿರುವ ಕಲ್ಲುಮಂಟಪವೇ ಅಳತೆಗಲ್ಲು. ನೀರು ಕಂಬದ ಅರ್ಧಕ್ಕೆ ಬಂದರೆ ಫೋನುಗಳಲ್ಲಿ ಚಿತ್ರ ಓಡಾಡುತ್ತದೆ, ಪೂರ್ತಿ ಮುಳುಗಿದ ದಿನ ಜನ ಸಾಲುಗಟ್ಟಿ ಬಂದು ನೋಡುತ್ತಾರೆ, ಬಾಗಿನ ಅರ್ಪಿಸುತ್ತಾರೆ. ಭದ್ರೆಯ ಕಡೆ ಕಳಸ–ಹೊರನಾಡು ದಾರಿಯ ಹೆಬ್ಬಾಳೆ ಸೇತುವೆಯ ಸುದ್ದಿಗೆ ಅದೇ ಬೆಲೆ. ತುಂಗೆ–ಭದ್ರೆಯ ಸಂಗಮದ ಕೂಡ್ಲಿ ದಾಟಿದ ಮೇಲೆ ಹೊನ್ನಾಳಿಯಲ್ಲಿ ಬಾಲರಾಜ ಘಾಟ್. ಮಂಟಪಕ್ಕೆ ಕ್ಯೂಸೆಕ್ ಗೊತ್ತಿಲ್ಲ, ಆದರೆ ಮಂಟಪ ಮುಳುಗಿದರೆ ಯಾವ ಬೀದಿಗೆ ನೀರು ಬರುತ್ತದೆಂದು ಹಳಬರಿಗೆ ಗೊತ್ತು. ಸರ್ಕಾರಿ ವ್ಯವಸ್ಥೆಗೆ ಕ್ಯೂಸೆಕ್ ಗೊತ್ತು, ಬೀದಿ ಗೊತ್ತಿಲ್ಲ. ಈ ಎರಡನ್ನೂ ಒಂದು ಕಾಗದದ ಮೇಲೆ ತರುವುದೇ ನೆರೆ ಯೋಜನೆಯ ಅರ್ಧ ಕೆಲಸ.

ನೀರಾವರಿಯ ಕಾಲ

ಈ ಭಾಗದಲ್ಲಿ ಹೊಳೆಯ ಬಗ್ಗೆ ಯೋಜನೆ ಎಂದು ಮೊದಲು ಬಂದದ್ದು ಗದ್ದೆಗಾಗಿ, ಕಾರ್ಖಾನೆಗಾಗಿ. ಮೈಸೂರು ಸಂಸ್ಥಾನ ಬೆಂಕಿಪುರದಲ್ಲಿ, ಅಂದರೆ ಇಂದಿನ ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆಯ ಕೆಲಸ ಶುರುಮಾಡಿದ್ದು 1918ರಲ್ಲಿ. 1923ರಲ್ಲಿ ಉತ್ಪಾದನೆ ಆರಂಭವಾಯಿತು. 1936ರಲ್ಲಿ ಕಾಗದ ಕಾರ್ಖಾನೆ ಬಂತು. ಎರಡೂ ಭದ್ರೆಯ ನೀರನ್ನು ನಂಬಿದವು, ಊರು ಅವುಗಳ ಸುತ್ತ ಬೆಳೆಯಿತು. ಕ್ವಾರ್ಟರ್ಸ್‌ಗಳ ರಸ್ತೆ, ನೀರು, ಚರಂಡಿ ಕಾರ್ಖಾನೆಯ ಜವಾಬ್ದಾರಿ. ಹಳೆಯ ಪೇಟೆ ಮಾತ್ರ ಪುರಸಭೆಯದ್ದು. ನ್ಯೂ ಟೌನ್, ಪೇಪರ್ ಟೌನ್ ಎತ್ತರದಲ್ಲಿ ಅಚ್ಚುಕಟ್ಟಾಗಿ ಎದ್ದವು. ಕ್ವಾರ್ಟರ್ಸ್ ಸಿಗದವರು, ದಿನಗೂಲಿಯವರು ಹೊಳೆಯ ಬದಿಯ ತಗ್ಗಿನಲ್ಲಿ ನೆಲೆ ಕಂಡುಕೊಂಡರು. ಒಂದೇ ಊರಿನಲ್ಲಿ ಎರಡು ಆಡಳಿತ ಇದ್ದದ್ದರ ಗುರುತು ಇಂದಿಗೂ ನೆರೆಯ ನಕ್ಷೆಯಲ್ಲಿ ಕಾಣುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. 1923ರಲ್ಲಿ ಭದ್ರಾವತಿ ಕಾರ್ಖಾನೆಯ ಅಧ್ಯಕ್ಷರಾಗಿ ಬಂದ ಸರ್ ಎಂ. ವಿಶ್ವೇಶ್ವರಯ್ಯ ಅದಕ್ಕೆ ಹಿಂದೆ ಹೈದರಾಬಾದಿನ ನೆರೆ ನಿವಾರಣೆಯ ಯೋಜನೆ ಮಾಡಿಕೊಟ್ಟವರು. 1908ರ ಸೆಪ್ಟೆಂಬರ್ ಕೊನೆಯಲ್ಲಿ ಮೂಸಿ ನದಿ ಉಕ್ಕಿ ಆ ನಗರ ನಾಶವಾದಾಗ ನಿಜಾಮರು ಅವರನ್ನು ಕರೆಸಿದರು. ಅವರು ಮೇಲ್ಗಡೆ ನೆರೆ ತಡೆಯುವ ಜಲಾಶಯಗಳನ್ನು ಸೂಚಿಸಿದ್ದಷ್ಟೇ ಅಲ್ಲ, ನಗರದ ಒಳಚರಂಡಿ, ನದಿದಂಡೆಯ ಸುಧಾರಣೆ ಎಲ್ಲವನ್ನೂ ಒಂದೇ ಯೋಜನೆಯಲ್ಲಿ ಸೇರಿಸಿದರು. ಅಣೆಕಟ್ಟೆ ಮತ್ತು ಚರಂಡಿ ಒಂದೇ ತಲೆಯಲ್ಲಿ, ಒಂದೇ ಕಾಗದದಲ್ಲಿ ಇದ್ದ ಅಪರೂಪದ ಉದಾಹರಣೆ ಅದು. ಅಂಥವರು 1929ರವರೆಗೆ ಭದ್ರಾವತಿ ಕಾರ್ಖಾನೆಯ ಚುಕ್ಕಾಣಿ ಹಿಡಿದಿದ್ದರು. ಆದರೆ ಅಲ್ಲಿ ನಷ್ಟದಲ್ಲಿದ್ದ ಕುಲುಮೆಯನ್ನು ತನ್ನ ಕಾಲ ಮೇಲೆ ನಿಲ್ಲಿಸುವುದೇ ಅವರ ಮುಂದಿದ್ದ ಕೆಲಸವಾಗಿತ್ತು.

ಸ್ವಾತಂತ್ರ್ಯದ ವರ್ಷವೇ ಭದ್ರಾ ಅಣೆಕಟ್ಟೆಯ ಕೆಲಸ ಶುರುವಾಗಿ 1960ರ ದಶಕದಲ್ಲಿ ಮುಗಿಯಿತು. 1950ರ ದಶಕದಲ್ಲಿ ಗಾಜನೂರಿನ ತುಂಗಾ ಅಣೆಕಟ್ಟು ಬಳಕೆಗೆ ಬಂತು. ದಶಕಗಳ ನಂತರ ಅದರ ಪಕ್ಕದಲ್ಲೇ ತುಂಗಾ ಮೇಲ್ದಂಡೆ ಯೋಜನೆಯ ಜಲಾಶಯ ಎದ್ದಿತು. ಭದ್ರೆಯ ಅಚ್ಚುಕಟ್ಟು ಒಂದು ಲಕ್ಷ ಹೆಕ್ಟೇರಿಗೂ ಮೇಲೆ, ಅದರ ಬಹುಪಾಲು ದಾವಣಗೆರೆಯ ಕಡೆ. ಹೀಗಾಗಿ ಭದ್ರಾ ಜಲಾಶಯ ತುಂಬುವುದೆಂದರೆ ಸಂಭ್ರಮ. ನಾಲೆಗೆ ನೀರು ಎಂದು ಬಿಡಬೇಕು, ಎಷ್ಟು ದಿನ ಬಿಡಬೇಕು ಎಂದು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯಲ್ಲಿ ರೈತರ ದನಿ ಜೋರು. ಅದು ನ್ಯಾಯವೂ ಹೌದು. ಆದರೆ ಜುಲೈಯಲ್ಲೇ ಜಲಾಶಯ ಅಂಚಿಗೆ ತುಂಬಿರಲಿ ಎಂಬುದು ರೈತನ ಆಸೆ, ಆಗಸ್ಟಿನ ಮಳೆಗೆ ಹತ್ತು ಟಿಎಂಸಿಯ ಜಾಗ ಖಾಲಿ ಇರಲಿ ಎಂಬುದು ತಗ್ಗಿನ ಬೀದಿಯವನ ಆಸೆ. ಹತ್ತು ಟಿಎಂಸಿ ಖಾಲಿ ಇದ್ದರೆ 50 ಸಾವಿರ ಕ್ಯೂಸೆಕ್ ಒಳಹರಿವನ್ನು ಎರಡು ದಿನಕ್ಕೂ ಹೆಚ್ಚು ಹೊತ್ತು ತಡೆಯಬಹುದು. ಆ ಎರಡು ದಿನಗಳಲ್ಲಿ ಭದ್ರಾವತಿಯಲ್ಲಿ ಸಾವಿರಾರು ಜನ ನಿಧಾನವಾಗಿ, ಪಾತ್ರೆಪಗಡಿ ಸಮೇತ ಮನೆ ಖಾಲಿ ಮಾಡಬಹುದು. ಮಳೆ ಕೈಕೊಟ್ಟರೆ ಅದೇ ಹತ್ತು ಟಿಎಂಸಿ ಬೇಸಿಗೆ ಬೆಳೆಗೆ ಕೊರತೆಯಾಗುತ್ತದೆ. 2023ರ ಬರ ನೋಡಿದವರು ಜಲಾಶಯ ಖಾಲಿ ಇಡಿ ಎಂದು ಸುಲಭವಾಗಿ ಹೇಳಲಾರರು. ಅದರ ಮರುವರ್ಷವೇ, 2024ರ ಜುಲೈ ಕೊನೆಯಲ್ಲಿ, ಗೇಟು ತೆಗೆಯಬೇಕಾಗಿ ಬಂತು.

ಜಿಲ್ಲೆಯ ಗಡಿಗಳೂ ಈ ಹೊಳೆಗಳಿಗೆ ಹೊಂದಿ ಬರುವುದಿಲ್ಲ. ಲಕ್ಕವಳ್ಳಿ ಇರುವುದು ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನಲ್ಲಿ. ನೆರೆ ಬರುವುದು ಶಿವಮೊಗ್ಗ ಜಿಲ್ಲೆಯ ಭದ್ರಾವತಿಗೆ. ಸಂಗಮದ ನಂತರದ ಹೊನ್ನಾಳಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು, ದಾವಣಗೆರೆ ಜಿಲ್ಲೆ ರಚನೆಯಾದ ಮೇಲೆ ಅತ್ತ ಹೋಯಿತು. ಒಂದು ಹೊಳೆಗೆ ಮೂವರು ಜಿಲ್ಲಾಧಿಕಾರಿಗಳು. ಕೇಂದ್ರ ಜಲ ಆಯೋಗ ಶಿವಮೊಗ್ಗ, ಹೊಳೆಹೊನ್ನೂರು, ಹೊನ್ನಾಳಿಯಲ್ಲಿ ಹೊಳೆಯ ಮಟ್ಟ ಅಳೆಯುತ್ತದೆ. ಆಯೋಗಕ್ಕೆ ಜಿಲ್ಲೆಯ ಗಡಿ ಲೆಕ್ಕಕ್ಕಿಲ್ಲ. ಪರಿಹಾರದ ಪಂಚನಾಮೆಗೆ ಇದೆ.

ಕಾನೂನಿನ ಕಾಲ

ಊರಿನ ಕಡೆಯಿಂದ ಬಂದ ಯೋಜನೆ ಬೇರೆಯೇ ದಾರಿ ಹಿಡಿಯಿತು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಮಹಾಯೋಜನೆ ಎಂಬ ಉಪಕರಣ ಕೊಟ್ಟಿತು. 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ ಅದನ್ನು ನಡೆಸುವ ಸಂಸ್ಥೆ ಕೊಟ್ಟಿತು. ಶಿವಮೊಗ್ಗ–ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ಸೂಡಾ, ಎರಡೂ ಊರನ್ನು ಒಂದೇ ಯೋಜನಾ ಪ್ರದೇಶ ಎಂದು ನೋಡುವ ಸಂಸ್ಥೆ. ಬೇರೆ ಬೇರೆ ಹೊಳೆಗಳ ಮೇಲಿರುವ ಎರಡು ಊರುಗಳ ನಕ್ಷೆ ಒಂದೇ ಹಾಳೆಯ ಮೇಲೆ ಬರುವ ಜಾಗ ಇದೊಂದೇ. ಆದರೆ ಸೂಡಾ ಎಂದರೆ ಜನರಿಗೆ ನೆನಪಾಗುವುದು ಲೇಔಟ್, ನಿವೇಶನ ಹಂಚಿಕೆ, ಖಾತೆ. ನೆರೆಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರೇ ಹೆಚ್ಚು. ಸಂಬಂಧ ನೇರವಾಗಿದೆ: ಗದ್ದೆ ನಿವೇಶನವಾದ ದಿನ ನೀರು ನಿಲ್ಲುವ ಜಾಗ ಒಂದು ಕಡಿಮೆಯಾಯಿತು.

ಇಲ್ಲಿ ಕಡಲಿಗೂ ಹೊಳೆಗೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. 1991ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಡಿಸಿ ಭರತರೇಖೆಯಿಂದ 500 ಮೀಟರ್ ಒಳಗೆ ಕಟ್ಟಡಗಳಿಗೆ ಕಡಿವಾಣ ಹಾಕಿತು. ಆ ಗೆರೆ ಎಷ್ಟು ಸಲ ಸಡಿಲವಾಯಿತು, ಎಷ್ಟು ರೆಸಾರ್ಟು ಅದನ್ನು ದಾಟಿತು ಎಂಬುದು ಬೇರೆ ಮಾತು. ಗೆರೆ ಇದೆ, ಅದರ ಬಗ್ಗೆ ಜಗಳ ಆಡಬಹುದು. ಹೊಳೆಗೆ ಇಂಥ ಗೆರೆ ಇಲ್ಲ. ಕೇಂದ್ರ ಜಲ ಆಯೋಗ 1975ರಲ್ಲೇ ನೆರೆಬಯಲು ವಲಯೀಕರಣದ ಮಾದರಿ ಮಸೂದೆ ಮಾಡಿ ಎಲ್ಲ ರಾಜ್ಯಗಳಿಗೆ ಕಳಿಸಿತು. ಮಣಿಪುರ, ರಾಜಸ್ಥಾನ, ಜಮ್ಮು–ಕಾಶ್ಮೀರ, ಉತ್ತರಾಖಂಡದಂಥ ಕೆಲವೇ ರಾಜ್ಯಗಳು ಕಾನೂನು ಮಾಡಿದವು. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ನದಿದಂಡೆಗೆ ಕರಾವಳಿಯ ಮಾದರಿಯ ನಿಯಂತ್ರಣ ತರುವ ಕೇಂದ್ರದ ಕರಡು ಕೂಡ ಅಧಿಸೂಚನೆಯಾಗಲಿಲ್ಲ. ಈ ಅರ್ಧ ಶತಮಾನದ ಸುಮ್ಮನಿರುವಿಕೆಯ ಬೆಲೆಯನ್ನು ತೆರುತ್ತಿರುವವರು ತಗ್ಗಿನ ಬೀದಿಯವರು.

74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ನಗರ ಸ್ಥಳೀಯ ಸಂಸ್ಥೆಗಳಿಗೆ ಸಂವಿಧಾನದ ನೆಲೆ ಸಿಕ್ಕಿತು, ನಗರ ಯೋಜನೆ ಅವುಗಳ ಪಟ್ಟಿಗೆ ಸೇರಿತು. ಸೇರಿದ್ದು ಪಟ್ಟಿಗೆ ಮಾತ್ರ. ಮಹಾಯೋಜನೆ ಪ್ರಾಧಿಕಾರದಲ್ಲೇ, ಕುಡಿಯುವ ನೀರು ಮತ್ತು ಒಳಚರಂಡಿಯ ದೊಡ್ಡ ಕಾಮಗಾರಿ ಮಂಡಳಿಯಲ್ಲೇ, ನಾಲೆ ಮತ್ತು ಗೇಟು ನೀರಾವರಿ ನಿಗಮದಲ್ಲೇ ಉಳಿದವು. ನಗರಸಭೆಗೆ ದಕ್ಕಿದ್ದು ಮಳೆನೀರು ಚರಂಡಿ ಮತ್ತು ಅದರ ಹೂಳು.

ಈ ಹಂಚಿಕೆಯ ಫಲ ಕಣ್ಣಾರೆ ಕಾಣುವುದು ಶಿವಮೊಗ್ಗ ನಗರದ ಒಳಗೇ ಹಾಯುವ ತುಂಗಾ ನಾಲೆಯಲ್ಲಿ. ಗದ್ದೆಗೆ ನೀರು ಒಯ್ಯಲು ತೋಡಿದ ನಾಲೆ ಸಮಪಾತಳಿಯಲ್ಲಿ ಅಡ್ಡಡ್ಡ ಸಾಗುತ್ತದೆ. ಮಳೆನೀರು ಏರಿನಿಂದ ಹೊಳೆಯ ಕಡೆಗೆ ಉದ್ದುದ್ದ ಇಳಿಯುತ್ತದೆ. ಎರಡೂ ಎದುರಾಗುವ ಕಡೆ ಚರಂಡಿ ನಾಲೆಯ ಅಡಿಯ ಮೋರಿಯೊಳಗೆ ನುಸುಳಿ ದಾಟಬೇಕು. ಒಂದು ಕಾಲದಲ್ಲಿ ಗದ್ದೆಯ ನೀರಷ್ಟೇ ದಾಟುತ್ತಿದ್ದ ಮೋರಿಗೆ ಈಗ ಬಡಾವಣೆಯ ಕಾಂಕ್ರೀಟಿನ ಮೇಲೆ ಬಿದ್ದ ಮಳೆಯೆಲ್ಲ ಬರುತ್ತದೆ. ಜೊತೆಗೆ ಪ್ಲಾಸ್ಟಿಕ್ಕು, ಹಾಸಿಗೆ, ತೆಂಗಿನ ಗರಿ. ಮೋರಿ ಕಟ್ಟಿಕೊಂಡರೆ ಪಾಲಿಕೆಯ ಚರಂಡಿ ಹಿಂದಕ್ಕೆ ಉಕ್ಕುತ್ತದೆ. ಮೋರಿಯನ್ನು ದೊಡ್ಡದು ಮಾಡಬೇಕೆಂದರೆ ನಾಲೆಯವರ ಅನುಮತಿ ಬೇಕು. ನಾಲೆಯಲ್ಲಿ ನೀರು ನಿಂತಾಗಲಷ್ಟೇ ಕೆಲಸ ಸಾಧ್ಯ, ನೀರು ಯಾವಾಗ ನಿಲ್ಲುತ್ತದೆಂದು ತೀರ್ಮಾನಿಸುವುದು ಅಚ್ಚುಕಟ್ಟಿನವರು. ಸಮನ್ವಯ ಎಂದು ಸಭೆಯ ನಡಾವಳಿಯಲ್ಲಿ ಬರೆಯುವ ಮಾತಿಗೆ ನೆಲದ ಮೇಲಿನ ಅರ್ಥ ಇದು.

ವಿಪತ್ತು ನಿರ್ವಹಣೆಯ ಕಾಲ

ಮುನ್ಸೂಚನೆಯ ವಿಷಯದಲ್ಲಿ ಕರ್ನಾಟಕ ನಿಜಕ್ಕೂ ಮುಂದಿದೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ ಸಂಸ್ಥೆ 2007ರಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾವಾಗೇ ಲೆಕ್ಕ ಕಳಿಸುವ ಮಳೆಮಾಪಕಗಳ ಜಾಲವನ್ನು ಅದು ಹಬ್ಬಿಸಿದೆ. ತೀರ್ಥಹಳ್ಳಿಯ ಒಂದು ಮೂಲೆಯಲ್ಲಿ ಬಿದ್ದ ಮಳೆ ಬೆಂಗಳೂರಿನ ಪರದೆಯಲ್ಲಿ ಕಾಣುತ್ತದೆ. ಅದು ಶಿವಮೊಗ್ಗದ ವಾರ್ಡಿನ ಮಟ್ಟಕ್ಕೆ ಇಳಿದು ಬರುವುದು ಇನ್ನೂ ಧ್ವನಿವರ್ಧಕ ಕಟ್ಟಿಕೊಂಡ ಆಟೊದ ಮೂಲಕವೇ: ಹೊಳೆ ಪಕ್ಕದವರು ಎಚ್ಚರಿಕೆಯಿಂದ ಇರಬೇಕು, ದನಕರುಗಳನ್ನು ಹೊಳೆಗೆ ಬಿಡಬಾರದು.

2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರ ಕೊಟ್ಟಿತು. ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಪಂಚಾಯಿತಿ ಅಧ್ಯಕ್ಷರು ಸಹ ಅಧ್ಯಕ್ಷರು. ಅಧಿಕಾರಿ ಮತ್ತು ಜನಪ್ರತಿನಿಧಿ ಒಟ್ಟಿಗೆ ಕೂರಲಿ ಎಂಬುದು ಕಾಯ್ದೆಯ ಆಶಯ. ಕಟ್ಟಡಗಳು ವಿಪತ್ತು ತಡೆಯುವ ಮಾನದಂಡಕ್ಕೆ ತಕ್ಕಂತಿವೆಯೇ ಎಂದು ನೋಡಿಕೊಳ್ಳುವ ಹೊಣೆಯನ್ನೂ ಕಾಯ್ದೆ ಸ್ಥಳೀಯ ಸಂಸ್ಥೆಗಳ ಮೇಲೆ ಹಾಕಿತು. ಇದು ಕಾಗದದ ಮೇಲೆ ಒಳ್ಳೆಯ ಏರ್ಪಾಡು. ಆದರೆ 2021ರಲ್ಲಿ ಜಿಲ್ಲಾ ಪಂಚಾಯಿತಿ ಸದಸ್ಯರ ಅವಧಿ ಮುಗಿದ ಮೇಲೆ ರಾಜ್ಯದಲ್ಲಿ ಚುನಾವಣೆ ವರ್ಷಗಟ್ಟಲೆ ನಡೆಯಲಿಲ್ಲ. ಸಹ ಅಧ್ಯಕ್ಷರ ಕುರ್ಚಿಯೇ ಖಾಲಿ. 2018ರಲ್ಲಿ ಆಯ್ಕೆಯಾದ ಶಿವಮೊಗ್ಗ ಪಾಲಿಕೆ ಸದಸ್ಯರ ಅವಧಿಯೂ 2023ರ ಕೊನೆಯ ಹೊತ್ತಿಗೆ ಮುಗಿದು ಆಡಳಿತಾಧಿಕಾರಿಯ ಕಾಲ ಬಂತು. 2024ರ ಮಳೆಗಾಲದಲ್ಲಿ ನೀರು ನುಗ್ಗಿದ ಬೀದಿಯವರು ಕಾರ್ಪೊರೇಟರ್ ಮನೆಯ ಬಾಗಿಲು ತಟ್ಟುವಂತಿರಲಿಲ್ಲ, ಏಕೆಂದರೆ ಕಾರ್ಪೊರೇಟರ್ ಇರಲಿಲ್ಲ. ನಮ್ಮ ಊರುಗಳಲ್ಲಿ ವಾರ್ಡ್ ಸದಸ್ಯನ ಬಗ್ಗೆ ಎಷ್ಟೇ ದೂರಿದ್ದರೂ, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ, ಯಾವ ಮೋರಿ ಕಟ್ಟಿದೆ ಎಂದು ನಡುರಾತ್ರಿ ಹೇಳಬಲ್ಲವನು ಅವನೇ. ಸ್ಥಳೀಯ ಸರ್ಕಾರದ ಯೋಜನೆಯ ಬಗ್ಗೆ ಮಾತಾಡುವಾಗ ಸ್ಥಳೀಯ ಸರ್ಕಾರ ಇದೆಯೇ ಎಂದು ಮೊದಲು ಕೇಳಬೇಕಾದ ಸ್ಥಿತಿ.

2019ರ ಆಗಸ್ಟ್ ಈ ಚರಿತ್ರೆಯ ತಿರುವು. ಜುಲೈ 26ರಂದು ಪ್ರಮಾಣವಚನ ಸ್ವೀಕರಿಸಿದ್ದ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ, ಶಿವಮೊಗ್ಗ ಜಿಲ್ಲೆಯವರೇ, ಇನ್ನೂ ಒಬ್ಬ ಮಂತ್ರಿಯೂ ಇಲ್ಲದೆ ರಾಜ್ಯದ ನೆರೆಯನ್ನು ಎದುರಿಸುತ್ತಿದ್ದರು. ಶಿವಮೊಗ್ಗದಲ್ಲಿ ಕುಂಬಾರಗುಂಡಿ, ಇಮಾಮ್‌ಬಾಡಾ, ಸೀಗೆಹಟ್ಟಿಯ ತಗ್ಗು, ರಾಜೀವ್ ಗಾಂಧಿ ಬಡಾವಣೆ, ಶಾಂತಮ್ಮ ಲೇಔಟ್, ವಿದ್ಯಾನಗರದ ಹೊಳೆಬದಿಗೆ ನೀರು ಬಂತು. ಹಳೆಯ ಬಡಬೀದಿಗಳ ಜೊತೆಗೆ ಈಚಿನ ಲೇಔಟುಗಳೂ ಮುಳುಗಿದ್ದು ಅನೇಕರಿಗೆ ಆಘಾತ ತಂದಿತು. ನೆರೆ ಸಂತ್ರಸ್ತರ ತಂಗುದಾಣಕ್ಕೆ ಕಾಳಜಿ ಕೇಂದ್ರ ಎಂಬ ಹೆಸರು ಬಾಯಿಗೆ ಬಂದದ್ದು ಈ ವರ್ಷಗಳಲ್ಲೇ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ತುರ್ತಿಗೆ 10 ಸಾವಿರ ರೂಪಾಯಿ ಎಂದು ಸರ್ಕಾರ ಘೋಷಿಸಿತು. ಪರಿಹಾರದ ಮೊತ್ತ ಹಿಂದೆಂದಿಗಿಂತ ದೊಡ್ಡದು. ಆದರೆ ಆ ಹಣದಲ್ಲಿ ಮನೆ ಎದ್ದದ್ದು ಬಹುತೇಕ ಅದೇ ತಗ್ಗಿನಲ್ಲಿ. ಬೇರೆಡೆ ಜಾಗ ಕೊಡಬೇಕಾದ ಇಲಾಖೆ ಬೇರೆ, ಹಣ ಕೊಡುವ ಇಲಾಖೆ ಬೇರೆ.

ಸ್ಮಾರ್ಟ್ ಸಿಟಿ ಮತ್ತು ಒಂದು ಮೇ ತಿಂಗಳ ಮಳೆ

2016ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿ–ಧಾರವಾಡ, ಮಂಗಳೂರು, ತುಮಕೂರಿನ ಜೊತೆ ಶಿವಮೊಗ್ಗವೂ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಕೆಲಸ ನಡೆಸಲು ಪ್ರತ್ಯೇಕ ಕಂಪನಿ, ಅಂದರೆ ಈಗಾಗಲೇ ಇದ್ದ ಕೈಗಳ ಜೊತೆಗೆ ಇನ್ನೊಂದು. ರಸ್ತೆ ಅಗೆದರು, ಬಾಕ್ಸ್ ಚರಂಡಿ ಕಟ್ಟಿದರು, ಕೇಬಲ್ಲುಗಳನ್ನು ನೆಲದಡಿಗೆ ಇಳಿಸಿದರು, ಕನ್ಸರ್ವೆನ್ಸಿ ಓಣಿಗಳಿಗೆ ಬಣ್ಣ ಬಂತು, ತುಂಗೆಯ ದಂಡೆಯಲ್ಲಿ ನಡೆದಾಡಲು ಚಂದದ ದಾರಿ ಆಯಿತು. ಸಂಜೆ ಅಲ್ಲಿ ಓಡಾಡುವ ಜನರ ಸಂತೋಷ ನಿಜವಾದದ್ದು, ಅದನ್ನು ಅಲ್ಲಗಳೆಯಲಾರೆ.

ಆದರೆ 2022ರ ಮೇ ತಿಂಗಳಲ್ಲಿ, ಮುಂಗಾರಿಗೂ ಮೊದಲೇ, ಒಂದೇ ರಾತ್ರಿಯ ಮಳೆಗೆ ನಗರದ ತಗ್ಗು ಬಡಾವಣೆಗಳು ಜಲಾವೃತವಾದವು. ಆ ದಿನ ಹೊಳೆ ಉಕ್ಕಿರಲಿಲ್ಲ. ನೀರು ಹೊಳೆಯನ್ನು ಮುಟ್ಟಲು ದಾರಿಯೇ ಸಿಗದೆ ಬೀದಿಯಲ್ಲಿ ನಿಂತಿತು. ಹೊಸ ಚರಂಡಿಗಳ ಮಟ್ಟ ಹಳೆಯವಕ್ಕೆ ಕೂಡಿಬರಲಿಲ್ಲ, ಕಾಮಗಾರಿ ಅವೈಜ್ಞಾನಿಕ ಎಂಬ ದೂರು ಎಲ್ಲ ಕಡೆಯಿಂದ ಕೇಳಿಬಂತು. ಶಿವಮೊಗ್ಗಕ್ಕೆ ಹೀಗೆ ಎರಡನೇ ಬಗೆಯ ನೆರೆಯ ಪರಿಚಯವಾಯಿತು: ಹೊಳೆಯಿಂದ ಊರಿಗೆ ಬರುವ ನೀರು ಒಂದು, ಊರಿನಿಂದ ಹೊಳೆಗೆ ಹೋಗಲಾರದ ನೀರು ಇನ್ನೊಂದು. ಎರಡೂ ಒಂದೇ ದಿನ ಬಂದರೆ, ಹೊಳೆ ತುಂಬಿ ಚರಂಡಿಯ ಬಾಯಿಯೇ ಮುಚ್ಚಿಹೋದರೆ, ಏನಾಗುತ್ತದೆ ಎಂಬುದಕ್ಕೆ 2019 ಒಂದು ಸಣ್ಣ ಮಾದರಿ ತೋರಿಸಿತ್ತು. ಸ್ಮಾರ್ಟ್ ಸಿಟಿಗಳ ಹವಾಮಾನ ಸಿದ್ಧತೆಯನ್ನು ಅಳೆಯಲು ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲೇ ಸೂಚಕಗಳ ಒಂದು ಚೌಕಟ್ಟು ತಂದಿತ್ತು, ನೆರೆ ಮತ್ತು ನೀರು ನಿಲ್ಲುವಿಕೆಯೂ ಅದರಲ್ಲಿತ್ತು. ಅಂಕ ಕೊಡುವುದರಿಂದ ಮೋರಿ ಅಗಲವಾಗುವುದಿಲ್ಲ, ಅದು ಬೇರೆ.

ಭದ್ರಾವತಿಗೆ ಇಂಥ ಹಣ ಬರಲಿಲ್ಲ. ಕಾಗದ ಕಾರ್ಖಾನೆ ಮುಚ್ಚಿ ವರ್ಷಗಳಾಗಿವೆ, ಕಬ್ಬಿಣದ ಕಾರ್ಖಾನೆ ಉಸಿರು ಹಿಡಿದುಕೊಂಡಿದೆ. ಅಲ್ಲಿ ಕೇಳಿಬರುವ ಬೇಡಿಕೆ ಒಂದೇ: ತಡೆಗೋಡೆ. ಬೇಡಿಕೆಯನ್ನು ಹಗುರವಾಗಿ ಕಾಣುವಂತಿಲ್ಲ, ವರ್ಷ ವರ್ಷ ಅಕ್ಕಿಚೀಲ ಅಟ್ಟಕ್ಕೇರಿಸುವವರಿಗೆ ಗೋಡೆ ಎಂದರೆ ನಿದ್ದೆ. ಆದರೆ ಉಳ್ಳಾಲ, ಮರವಂತೆಯ ಕಡಲತೀರದ ಅನುಭವ ಇಲ್ಲಿ ನೆನಪಾಗಬೇಕು. ಅಲ್ಲಿ ದಶಕಗಳ ಕಾಲ ಕಲ್ಲು ಸುರಿದೇ ಕಡಲ್ಕೊರೆತ ತಡೆಯಲು ನೋಡಿದರು. ಕಲ್ಲು ಹಾಕಿದ ಕಡೆ ಕೊರೆತ ನಿಂತು ಪಕ್ಕದ ಊರಿನಲ್ಲಿ ಶುರುವಾಗುವುದು ಮೀನುಗಾರರಿಗೆಲ್ಲ ಗೊತ್ತಿದ್ದ ಸಂಗತಿ. ಕೊನೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಲ್ಲಿ ಉಳ್ಳಾಲದಲ್ಲಿ ಕಡಲೊಳಗೆ ದಿಬ್ಬಗಳನ್ನು ಕಟ್ಟುವ, ಇಡೀ ತೀರವನ್ನು ಒಂದಾಗಿ ನೋಡುವ ಯೋಜನೆ ಬಂತು. ಹೊಳೆಗೂ ಅದೇ ನಿಯಮ. ಈ ದಂಡೆಗೆ ಗೋಡೆ ಬಂದರೆ ನೀರು ಆಚೆ ದಂಡೆಗೆ ಒತ್ತುತ್ತದೆ, ಇಲ್ಲವೇ ಹೊಳೆಹೊನ್ನೂರಿನ ಗದ್ದೆಗೆ.

ಮುಂದಿನ ಕಾಗದಗಳು

ಎರಡು ಹೊಳೆಗಳನ್ನು ಬೇರೆ ಬೇರೆ ಎಂದು ನೋಡುವ ಕಾಲವೂ ಮುಗಿಯುತ್ತಿದೆ. ಭದ್ರಾ ಮೇಲ್ದಂಡೆ ಯೋಜನೆ ತುಂಗೆಯಿಂದ 17.4 ಟಿಎಂಸಿ ನೀರನ್ನು ಎತ್ತಿ ಭದ್ರಾ ಜಲಾಶಯಕ್ಕೆ ತಂದು, ಅಲ್ಲಿಂದ ಒಟ್ಟು 29.9 ಟಿಎಂಸಿಯನ್ನು ಚಿತ್ರದುರ್ಗದ ಕಡೆಗೆ ಒಯ್ಯುವ ಯೋಜನೆ. ಇದರಿಂದ ಶಿವಮೊಗ್ಗದ ನೆರೆ ತಗ್ಗೀತು ಎಂದು ಕೆಲವರು ಆಸೆಪಡುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಇಡೀ ವರ್ಷ ಎತ್ತುವ ನೀರು ಒಂದು ಲಕ್ಷ ಕ್ಯೂಸೆಕ್ ನೆರೆಯ ಎರಡು ದಿನದ ಹರಿವಿಗೆ ಸಮ. ಬದಲಾಗುವುದು ಬೇರೆ: ಭದ್ರೆ ಬೇಗ ತುಂಬಬಹುದು, ಅದರ ಗೇಟಿನ ತೀರ್ಮಾನಕ್ಕೆ ತುಂಗೆಯ ಮಳೆಯೂ ಲೆಕ್ಕಕ್ಕೆ ಬರುತ್ತದೆ. ಭದ್ರಾವತಿಯ ತಹಶೀಲ್ದಾರರು ಇನ್ನು ಶೃಂಗೇರಿಯ ಮಳೆಯನ್ನೂ ನೋಡಬೇಕು.

ಅಣೆಕಟ್ಟೆಯ ಕೆಳಗಿನ ಊರುಗಳಿಗೆ ಹೋಲಿಕೆ ಹುಡುಕುವುದಾದರೆ ಗುಜರಾತಿನ ಸೂರತ್ ಇದೆ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ಆ ನಗರದ ಬಹುಭಾಗ ಮುಳುಗಿತು. ಆಮೇಲೆ ಅಣೆಕಟ್ಟೆಯವರು, ಹವಾಮಾನದವರು, ಪಾಲಿಕೆಯವರು ಸೇರಿ ಮೇಲಿನ ಮಳೆಯಿಂದ ಕೆಳಗಿನ ವಾರ್ಡಿನವರೆಗೆ ಒಂದೇ ಮುನ್ಸೂಚನಾ ವ್ಯವಸ್ಥೆ ಕಟ್ಟಿಕೊಂಡರು. ಅದಕ್ಕೆ ಬೇಕಾದದ್ದು ಹೊಸ ಕಾನೂನಲ್ಲ, ಒಂದು ಮೇಜಿನ ಸುತ್ತ ಕೂರುವ ಅಭ್ಯಾಸ. ನಮ್ಮಲ್ಲೂ ಹಣದ ನೆವ ಮೊದಲಿನಷ್ಟು ಗಟ್ಟಿಯಿಲ್ಲ. 15ನೇ ಹಣಕಾಸು ಆಯೋಗ ವಿಪತ್ತು ನಿಧಿಯ ಶೇ 20ರಷ್ಟನ್ನು ಪರಿಹಾರಕ್ಕಲ್ಲದೆ ಮುಂಚಿತ ತಡೆಗೆಂದೇ ಬೇರೆ ತೆಗೆದಿರಿಸಿತು.

ಇನ್ನೊಂದು ಅವಕಾಶ ಅಣೆಕಟ್ಟೆ ಸುರಕ್ಷತಾ ಕಾಯ್ದೆಯಿಂದ ಬಂದಿದೆ. 2021ರ ಡಿಸೆಂಬರ್ 30ರಂದು ಜಾರಿಗೆ ಬಂದ ಈ ಕಾಯ್ದೆಯ ಪ್ರಕಾರ ಭದ್ರೆಯಂಥ ದೊಡ್ಡ ಅಣೆಕಟ್ಟೆಗಳ ಒಡೆಯರು ಐದು ವರ್ಷದೊಳಗೆ, ಅಂದರೆ 2026ರ ಕೊನೆಯೊಳಗೆ, ತುರ್ತು ಕ್ರಿಯಾ ಯೋಜನೆ ಮಾಡಬೇಕು. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಇಂಥ ಯೋಜನೆ ಏಕೆ ಬೇಕೆಂದು ಎಲ್ಲರಿಗೂ ಅರ್ಥವಾಯಿತು. ಈ ಯೋಜನೆಗೆ ಕೆಳಗಿನ ಊರುಗಳಲ್ಲಿ ನೀರು ಎಲ್ಲೆಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಎತ್ತರಕ್ಕೆ ಬರುತ್ತದೆ ಎಂಬ ಮುಳುಗಡೆ ನಕ್ಷೆ ಬೇಕೇ ಬೇಕು. ಗೇಟಿನ ಕ್ಯೂಸೆಕ್ಕಿಗೂ ಬೀದಿಯ ಹೊಸಿಲಿಗೂ ಕೊಂಡಿ ಹಾಕುವ ಕಾಗದ ಅದೇ. ಅದು ನೀರಾವರಿ ಕಚೇರಿಯ ಬೀರುವಿನಲ್ಲಿ ಉಳಿದರೆ ಕಾಯ್ದೆ ಪಾಲಿಸಿದ ಹಾಗಾಯಿತು, ಅಷ್ಟೇ. ಸೂಡಾದ ಮಹಾಯೋಜನೆಯ ಹಾಳೆಯ ಮೇಲೆ ಅದೇ ಗೆರೆ ಬಿದ್ದು, ಆ ಗೆರೆಯೊಳಗೆ ಹೊಸ ಲೇಔಟಿಗೆ ಅನುಮೋದನೆ ನಿಲ್ಲಬೇಕು. ಗಾಜನೂರಿಗೂ ಅಂಥದೇ ಒಂದು ನಕ್ಷೆ ಬೇಕು: 40 ಸಾವಿರ ಕ್ಯೂಸೆಕ್ಕಿಗೆ ಯಾವ ಬೀದಿ, 60 ಸಾವಿರಕ್ಕೆ ಯಾವುದು, 80 ಸಾವಿರಕ್ಕೆ ಯಾವುದು. ಭದ್ರಾವತಿ ನಗರಸಭೆಯಲ್ಲಿ 35 ವಾರ್ಡುಗಳಿವೆ, ಶಿವಮೊಗ್ಗ ಪಾಲಿಕೆಯಲ್ಲೂ 35. ಪ್ರತಿ ವಾರ್ಡಿಗೆ ಒಂದು ಹಾಳೆ ಎಂದರೂ ಎಪ್ಪತ್ತೇ ಹಾಳೆ. ಒಂದು ಬೇಸಿಗೆಯಲ್ಲಿ ಮುಗಿಯುವ ಕೆಲಸ. ಮಾಡಬೇಕಾದವರು ಯಾರು ಎಂದು ಮೊದಲು ತೀರ್ಮಾನವಾಗಬೇಕು.